ಏಳನೆಯವಳು ನ್ಯಾನ್

ನ್ಯಾನ್ ಎಂದರೆ ಅವರ ಭಾಷೆಯಲ್ಲಿ ಬಿಡುವು, ನಿರಾಳ. ಹೆಸರಿಡುವಾಗ ತಾಯಿಗೆ ಏನು ಕನಸಿತ್ತೋ, ಮಗಳಿಗೆ ಮಾತ್ರ ಬಿಡುವೆಂಬುದು ಸಿಕ್ಕಿದ್ದೇ ಇಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ತಾಯಿಯ ಜೊತೆ ವಿಯೆಟ್ನಾಮಿನ ಮೀಥೋ ಪೇಟೆ ಬಿಟ್ಟು ದೋಣಿ ಹತ್ತಿದಳು. ಮಲೇಷ್ಯಾದ ದ್ವೀಪವೊಂದರ ಶಿಬಿರದಲ್ಲಿ ಹತ್ತು ತಿಂಗಳು ಕಳೆದಳು. ಟೆಕ್ಸಸ್‌ನ ಉತ್ತರದ ಬಯಲಿನಲ್ಲಿರುವ ಹಾರ್ಲನ್ ಊರಿಗೆ ಬಂದಿಳಿದ ಮೂರನೆಯ ದಿನ ಹೊಲಿಗೆ ಮೆಷಿನ್ ಮುಂದೆ ಕೂತಳು. ಹನ್ನೆರಡು ವರ್ಷ ಕಳೆದರೂ ಅಲ್ಲಿಂದ ಎದ್ದಿರಲಿಲ್ಲ.

ತಾಯಿ ಮಗಳ ಅಂಗಡಿ ಇದ್ದದ್ದು ವಿಶ್ವವಿದ್ಯಾಲಯದ ಹಿಂಬದಿಯ ರಸ್ತೆಯಲ್ಲಿ, ಲಾಂಡ್ರಿಗೂ ಟೈರ್ ಅಂಗಡಿಗೂ ನಡುವೆ. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ಮದುವೆ ಗೌನಿನ ಸೊಂಟ ಸಡಿಲಿಸುವುದು ವರ್ಷವಿಡೀ ಇದ್ದದ್ದೇ. ಸೆಪ್ಟೆಂಬರ್ ಬಂತೆಂದರೆ ಮಾತ್ರ ಜಾಕೆಟ್ಟುಗಳ ಸುಗ್ಗಿ. ಕಾಲೇಜಿನ ಹುಡುಗಿಯರದ್ದು ಸೋದರಿ ಸಂಘಗಳೆಂದು ಹತ್ತು ಹನ್ನೊಂದಿದ್ದವು. ಒಂದೊಂದಕ್ಕೂ ಗ್ರೀಕ್ ಅಕ್ಷರಗಳ ಹೆಸರು, ಒಂದು ಬಣ್ಣ, ಮರಗಳ ನೆರಳಿನಲ್ಲಿ ಒಂದು ದೊಡ್ಡ ಮನೆ. ಹೊಸದಾಗಿ ಸೇರಿದವರು ಬೆನ್ನ ಮೇಲೆ ಸಂಘದ ಅಕ್ಷರ ಹೊಲಿಸಿಕೊಳ್ಳಲು ನ್ಯಾನ್ ಬಳಿಗೇ ಬರುತ್ತಿದ್ದರು. ಗ್ರೀಕ್ ಭಾಷೆಯ ಒಂದು ಪದವೂ ಅವಳಿಗೆ ತಿಳಿಯದು. ಆದರೆ ಆ ಅಕ್ಷರಗಳ ಒಂದೊಂದು ಮೂಲೆಯೂ ಅವಳ ಬೆರಳಿಗೆ ಗೊತ್ತಿತ್ತು.

ತೊಂಬತ್ತಮೂರನೆಯ ಇಸವಿಯ ಸೆಪ್ಟೆಂಬರಿನಲ್ಲಿ, ಬಿಸಿಲು ನೆತ್ತಿ ಸುಡುತ್ತಿದ್ದ ಒಂದು ಮಧ್ಯಾಹ್ನ, ಗಿಡ್ಡಗಿನ ಹುಡುಗಿಯೊಬ್ಬಳು ಆರು ಜಾಕೆಟ್ಟುಗಳನ್ನು ತಬ್ಬಿಕೊಂಡು ಅಂಗಡಿಗೆ ನುಗ್ಗಿದಳು. ಹೆಸರು ಮಾರಿವಿಕ್. ಹೆತ್ತವರು ಫಿಲಿಪೀನ್ಸ್‌ನವರು, ತಾಯಿ ಹ್ಯೂಸ್ಟನ್ನಿನಲ್ಲಿ ನರ್ಸು, ಇವಳೂ ನರ್ಸಿಂಗ್ ಓದುತ್ತಿದ್ದಳು. ಬಾಯಿಗೆ ಬೀಗವಿಲ್ಲದ ಹುಡುಗಿ.

“ಒಮೆಗಾ, ಕ್ಸೈ, ಫೈ. ದೊಡ್ಡದಾಗಿ ಹೊಲೀಬೇಕು, ರಸ್ತೆ ಆ ಕಡೆಯಿಂದ್ಲೂ ಕಾಣ್ಬೇಕು,” ಎಂದಳು.

ನ್ಯಾನ್ ಕನ್ನಡಕ ಮೇಲೇರಿಸಿದಳು. “ಇದ್ಯಾವ ಸಂಘ? ನಂಗೆ ಗೊತ್ತಿಲ್ದಿರೋ ಸಂಘ ಈ ಊರಲ್ಲಿ ಇಲ್ವಲ್ಲ.”

“ಇನ್ನೂ ಹುಟ್ಟಿಲ್ಲ. ನಾವೇ ಹುಟ್ಟಿಸ್ಬೇಕು.”

ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ತಾಯಿ ಲೂ ತಮ್ಮ ಭಾಷೆಯಲ್ಲಿ ಕೇಳಿದಳು, “ಏನಂತೆ ಅವಳ್ದು?”

“ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋಕೆ ಬಂದಿದಾಳಮ್ಮ.”

“ಅಪಶಕುನ. ಹೊಲೀಬೇಡ, ಕಳಿಸು,” ಎಂದಳು ಮುದುಕಿ. ಹಾಗೆನ್ನುತ್ತಲೇ ಹುಡುಗಿಗೆ ಕೂರಲು ಸ್ಟೂಲು ತಳ್ಳಿದಳು.

ಮಾರಿವಿಕ್ ಕೂತಳು, ಕೇಳದಿದ್ದರೂ ಕಥೆ ಶುರುಮಾಡಿದಳು. “ನಾನು ಆ ದೊಡ್ಡ ಮನೆಗಳಿಗೆಲ್ಲ ಹೋಗಿದ್ದೆ. ಒಳ್ಳೆಯವ್ರೇ ಪಾಪ, ನಿಂಬೆ ಶರಬತ್ತು ಕೊಟ್ಟು ಮಾತಾಡ್ಸಿದ್ರು. ಎಲ್ಲ ಮನೇಲೂ ಒಂದೇ ಪ್ರಶ್ನೆ, ನಿಮ್ಮೂರು ಯಾವ್ದು ಅಂತ. ಹ್ಯೂಸ್ಟನ್ ಅಂದೆ. ಅದಲ್ಲ, ನಿಜವಾದ ಊರು ಅಂದ್ರು. ನಿಜವಾದ ಹ್ಯೂಸ್ಟನ್ ಅಂದೆ. ನಕ್ಕು ನಕ್ಕು ದವಡೆ ನೋವು ಬಂತು ನಂಗೆ. ಹಾಸ್ಟೆಲಿಗೆ ಬಂದು ನೋಡಿದ್ರೆ ನನ್ನ ಗೆಳತಿ ನಿಮಿಷಾಳದ್ದೂ ಅದೇ ಕಥೆ, ಪಕ್ಕದ ರೂಮಿನ ಮಾನಿವೋನ್‌ದೂ ಅದೇ ಕಥೆ. ನಮ್ದೇ ಒಂದು ಮನೆ ಮಾಡ್ಕೊಂಡ್ರೆ ಆಯ್ತಲ್ಲ ಅನ್ನಿಸ್ತು.”

ನ್ಯಾನ್ ಜಾಕೆಟ್ಟಿನ ಸ್ಯಾಟಿನ್ ಬಟ್ಟೆಯನ್ನು ಬೆರಳಲ್ಲಿ ಹೊಸಕಿ ನೋಡಿದಳು. “ನಿನ್ನ ಕಥೆ ಸರಿ, ಅಕ್ಷರ ಸರಿಯಿಲ್ಲ. ಈ ಬಟ್ಟೆ ಮೇಲೆ ಒಮೆಗಾದ ದುಂಡು ಸುಕ್ಕು ಬೀಳುತ್ತೆ. ಕ್ಸೈಗೆ ಮೂರು ಪಟ್ಟಿ ಬೇರೆಬೇರೆ, ಎರಡು ಸಲ ಒಗೆದ್ರೆ ನಡುವಿಂದು ಕಿತ್ಕೊಂಡ್ ಬರುತ್ತೆ. ನೆಟ್ಟಗಿರೋ ಅಕ್ಷರ ಇಟ್ಕೊಳ್ಳಿ. ಝೀಟಾ, ಲ್ಯಾಂಬ್ಡಾ, ಟೌ. ಹತ್ತು ವರ್ಷ ಬಾಳಿಕೆ ಬರುತ್ತೆ.”

ಮಾರಿವಿಕ್ ಜಾಕೆಟ್ಟಿನ ಬೆನ್ನ ಮೇಲೆ ಬೆರಳಲ್ಲಿ ಟೌ ಬರೆದು ನೋಡಿದಳು. “ಆಯ್ತು,” ಎಂದಳು. ಅಕ್ಷರಗಳು ನಿಂತದ್ದು ಹೀಗೆ. ಮುಂದೆ ಹೊಸ ಹುಡುಗಿಯರು ಝೀಟಾ ಎಂದರೆ ಬದುಕು, ಲ್ಯಾಂಬ್ಡಾ ಎಂದರೆ ಬೆಳಕು ಎಂದು ಭಕ್ತಿಯಿಂದ ಕಂಠಪಾಠ ಮಾಡುವುದನ್ನು ಕೇಳಿದಾಗಲೆಲ್ಲ ನ್ಯಾನ್ ಕೆಮ್ಮು ಬಂದವಳಂತೆ ಹೊರಗೆ ಹೋಗುತ್ತಿದ್ದಳು.

ಅಳತೆ ಬರೆದುಕೊಳ್ಳುತ್ತ ನ್ಯಾನ್ ಕೇಳಿದಳು, “ಆರೇ ಜನಾನಾ?”

ಮಾರಿವಿಕ್‌ಳ ಮುಖ ಮೊದಲ ಸಲ ಇಳಿಯಿತು. “ಏಳು ಜನ ಇದ್ವಿ. ಒಬ್ಳು ಬೇರೆ ಕಾಲೇಜಿಗೆ ಹೋದ್ಳು. ಏಳು ಸಹಿ ಇಲ್ದಿದ್ರೆ ವಿಶ್ವವಿದ್ಯಾಲಯದವ್ರು ಅರ್ಜೀನೇ ಮುಟ್ಟಲ್ಲ.” ಹೇಳುತ್ತಿದ್ದವಳ ಕಣ್ಣು ಮೆಷಿನಿನ ಪಕ್ಕದ ದಪ್ಪ ಪುಸ್ತಕದ ಮೇಲೆ ಬಿತ್ತು. “ಇದು ನಮ್ಮ ಕಾಲೇಜಿನ ಭೂಗರ್ಭಶಾಸ್ತ್ರದ ಪುಸ್ತಕ ಅಲ್ವಾ? ಯಾರ್ದು?”

“ನಂದು.”

ಅದು ನ್ಯಾನ್ ಊರಿಗೆಲ್ಲ ಹೇಳಿಕೊಂಡ ವಿಷಯವಲ್ಲ. ಮೂರು ವರ್ಷದ ಹಿಂದೆ ಹೈಸ್ಕೂಲಿಗೆ ಸಮಾನವಾದ ಪರೀಕ್ಷೆ ಮುಗಿಸಿ, ಆಮೇಲೆ ಒಂದೊಂದು ಅವಧಿಗೆ ಒಂದೊಂದೇ ವಿಷಯ ತೆಗೆದುಕೊಂಡು ಓದುತ್ತಿದ್ದಳು. ಐದು ಮುಗಿದಿದ್ದವು, ಇದು ಆರನೆಯದು. ಮಾರಿವಿಕ್ ಕೂತಲ್ಲೇ ಬೆರಳು ಮಡಿಚಿ ಲೆಕ್ಕ ಹಾಕಿದಳು.

“ಅಕ್ಕಾ! ಹಿಂಗೇ ಹೋದ್ರೆ ನಿಮಗೆ ಡಿಗ್ರಿ ಸಿಗೋದು ಎರಡು ಸಾವಿರದ ಹನ್ನೊಂದಕ್ಕೆ!”

ಲೂ ಸೊಪ್ಪಿನಿಂದ ತಲೆಯೆತ್ತಿದಳು. ಇಂಗ್ಲಿಷ್ ಬಾರದು ಎನ್ನುತ್ತಿದ್ದ ಮುದುಕಿಗೆ ಇಸವಿಗಳು ಚೆನ್ನಾಗಿ ಅರ್ಥವಾಗುತ್ತಿದ್ದವು. “ಅಷ್ಟೊತ್ತಿಗೆ ನನ್ನ ತಿಥಿಗೆ ಅಡಿಗೆ ಮಾಡ್ತಿರ್ತೀಯ ನೀನು.”

ಏಳನೆಯ ಸಹಿ ಹಾಕಬೇಕಾದರೆ ಪೂರ್ಣಾವಧಿ ವಿದ್ಯಾರ್ಥಿನಿಯಾಗಿರಬೇಕು, ಎಂದರೆ ಒಂದೇ ಸಲಕ್ಕೆ ನಾಲ್ಕು ವಿಷಯ. ಮಾರಿವಿಕ್ ದಿನ ಬಿಟ್ಟು ದಿನ ಬಂದು ಗೋಗರೆದಳು.

“ನಂಗೆ ಮೂವತ್ತೊಂದು ವಯಸ್ಸು ಕಣೇ. ನಿಮ್ಮ ಪಕ್ಕ ನಿಂತ್ರೆ ನಿಮ್ಮಮ್ಮ ಅನ್ಕೋತಾರೆ.”

“ನಮ್ಮಮ್ಮ ನಿಮಗಿಂತ ಚೆನ್ನಾಗಿ ಬಟ್ಟೆ ಹಾಕ್ತಾಳೆ ಬಿಡಿ, ಯಾರೂ ಅನ್ಕೊಳಲ್ಲ.”

“ಅಂಗಡಿ ಯಾರು ನೋಡ್ಕೋತಾರೆ?”

“ನಾವು ಆರು ಜನ ಇಲ್ವಾ?” ಎನ್ನುತ್ತ ಮಾರಿವಿಕ್ ಮೇಜಿನ ಮೇಲಿದ್ದ ಅಳತೆಯ ಟೇಪನ್ನು ಎಳೆದುಕೊಂಡಳು. “ಕೈ ಎತ್ತಿ ಅಕ್ಕ. ಏಳನೇ ಜಾಕೆಟ್ಟಿಗೆ ಅಳತೆ ಬೇಕು.”

ನ್ಯಾನ್ ಕೈ ಎತ್ತಿದಳು. ದಿನಕ್ಕೆ ಇಪ್ಪತ್ತು ಜನರ ಸುತ್ತ ಟೇಪು ಸುತ್ತುವವಳು ಅವಳು. ತನ್ನ ಸುತ್ತ ಯಾರಾದರೂ ಸುತ್ತಿದ್ದು ಮೀಥೋ ಬಿಟ್ಟ ಮೇಲೆ ಇದೇ ಮೊದಲು. ಮಾರಿವಿಕ್ ಟೇಪನ್ನು ತಿರುಗುಮುರುಗಾಗಿ ಹಿಡಿದು ಎದೆಯ ಸುತ್ತಳತೆ ಇಪ್ಪತ್ತಾರು ಎಂದು ಕೂಗಿದಾಗ ನ್ಯಾನ್ ಕಚಗುಳಿಯೋ ನಗುವೋ ತಿಳಿಯದೆ ನುಲಿದು ಪಿನ್ನಿನ ಡಬ್ಬಿ ಕೆಳಗೆ ಬೀಳಿಸಿದಳು. ಜನವರಿಯಲ್ಲಿ ನಾಲ್ಕು ವಿಷಯಕ್ಕೆ ಹೆಸರು ಬರೆಸಿದಳು.

ಅಂಗಡಿಯಲ್ಲಿ ಹುಡುಗಿಯರ ಪಾಳಿ ಶುರುವಾಯಿತು. ನಿಮಿಷಾ ಪಟೇಲಳ ತಂದೆ ಹೆದ್ದಾರಿಯ ಬದಿಯಲ್ಲಿ ಮೋಟೆಲ್ ನಡೆಸುತ್ತಿದ್ದರು. ಎಂಟನೆಯ ವಯಸ್ಸಿನಿಂದ ಕೌಂಟರಿನಲ್ಲಿ ನಿಂತ ಹುಡುಗಿಗೆ ಗಿರಾಕಿ ಸಂಭಾಳಿಸುವುದು ನೀರು ಕುಡಿದಂತೆ. ಲಾವೋಸ್ ಮೂಲದ ಮಾನಿವೋನ್‌ಗೆ ಸೂಜಿ ಹಿಡಿದು ಗೊತ್ತಿತ್ತು. ಮಾರಿವಿಕ್‌ಗೆ ಎರಡೂ ಬಾರದು, ಉತ್ಸಾಹ ಮಾತ್ರ ಎಲ್ಲರಿಗಿಂತ ಹೆಚ್ಚು. ಎರಡನೆಯ ವಾರವೇ ಅವಳು ಚರ್ಚಿನ ಹಿರಿಯ ಪಾದ್ರಿಯೊಬ್ಬರ ಪ್ಯಾಂಟಿನ ಒಂದೇ ಕಾಲನ್ನು ಎರಡೆರಡು ಸಲ ಗಿಡ್ಡ ಮಾಡಿ ಇಸ್ತ್ರಿ ಹಾಕಿಟ್ಟಳು.

ಪಾದ್ರಿ ಬಂದು ತೊಟ್ಟು ನೋಡಿ, ಕನ್ನಡಿಯಲ್ಲಿ ತಮ್ಮ ಎಡಗಾಲಿನ ಕಾಲುಚೀಲವನ್ನು ದಿಟ್ಟಿಸಿದರು. ಲೂ ಎದ್ದು ಬಂದು ಅವರ ಸುತ್ತ ಒಂದು ಸುತ್ತು ಹಾಕಿದಳು, ಮಂಡಿಯೂರಿ ಬಲಗಾಲಿಗೂ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದಳು, ತನಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಮಾತಿನಲ್ಲಿ ಎರಡನ್ನು ಖರ್ಚು ಮಾಡಿದಳು: “ಬೇಸಿಗೆ ಪ್ಯಾಂಟು!”

ಪಾದ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಬೇಸಿಗೆಯಿಡೀ ಅದನ್ನೇ ತೊಟ್ಟು ಓಡಾಡಿದರು, ತಮ್ಮ ಸಭೆಯ ಹತ್ತು ಮಂದಿಯನ್ನು ಅಂಗಡಿಗೆ ಕಳಿಸಿದರು.

ಫೆಬ್ರವರಿಯ ಮೊದಲ ವಾರ ವಿಶ್ವವಿದ್ಯಾಲಯದ ಸಮಿತಿಯ ಮುಂದೆ ಹೋಗುವ ದಿನ ಬಂತು. ಏಳು ಜಾಕೆಟ್ಟುಗಳನ್ನೂ ನ್ಯಾನ್ ತಾನೇ ಹೊಲಿದು ಮುಗಿಸಿದ್ದಳು, ಆದರೆ ಒಪ್ಪಿಗೆ ಸಿಗುವ ತನಕ ತೊಡಬಾರದೆಂದು ತಾಯಿಯ ಅಪ್ಪಣೆ. ಮಾತೆಲ್ಲ ಮಾರಿವಿಕ್ ಆಡುವುದು, ನ್ಯಾನ್ ಸುಮ್ಮನೆ ಕೂರುವುದು ಎಂದು ಮೊದಲೇ ತೀರ್ಮಾನವಾಗಿತ್ತು. ಡೋರಿಸ್ ಟ್ಯಾಕೆಟ್ ಎಂಬ ನರೆಗೂದಲಿನ ಹೆಂಗಸು ಸಮಿತಿಯ ಮುಖ್ಯಸ್ಥೆ. ಕಾಗದಪತ್ರಗಳನ್ನು ಒಂದೊಂದಾಗಿ ನೋಡಿ ತಲೆಯಾಡಿಸಿದಳು. ಆಗ ಪಕ್ಕದಲ್ಲಿದ್ದ ಒಬ್ಬ ಪ್ರಾಧ್ಯಾಪಕ ಕೇಳಿದ: “ಊರಲ್ಲಿ ಆಗ್ಲೇ ಹನ್ನೊಂದು ಸಂಘ ಇದಾವಲ್ಲಮ್ಮ. ಎಲ್ಲದರ ಬಾಗಿಲೂ ತೆರೆದಿದೆ. ನಿಮಗ್ಯಾಕೆ ಬೇರೆ?”

ಮಾರಿವಿಕ್ ಬರೆದುಕೊಂಡು ಬಂದಿದ್ದ ಉತ್ತರದಲ್ಲಿ ಪರಂಪರೆ, ನಾಯಕತ್ವ ಎಂಬ ದೊಡ್ಡ ದೊಡ್ಡ ಪದಗಳಿದ್ದವು. ಮೊದಲ ಸಾಲಿಗೇ ನಾಲಿಗೆ ತೊಡರಿತು. ನ್ಯಾನ್ ತನಗೇ ಗೊತ್ತಿಲ್ಲದೆ ಎದ್ದು ನಿಂತಿದ್ದಳು.

“ನಾನು ದರ್ಜಿ, ಸಾರ್. ಆ ಹನ್ನೊಂದು ಸಂಘಕ್ಕೂ ಹೊಲಿಯೋಳು ನಾನೇ. ಹುಡುಗೀರು ತುಂಬ ಒಳ್ಳೆಯವ್ರು, ಕ್ರಿಸ್‌ಮಸ್‌ಗೆ ಬಿಸ್ಕತ್ತು ತಂದ್ಕೊಡ್ತಾರೆ. ಅಂಗಡಿ ಇಟ್ಟು ಒಂಬತ್ತು ವರ್ಷ ಆಯ್ತು, ಎಷ್ಟು ಜಾಕೆಟ್ ಹೊಲಿದ್ನೋ ನೆನಪಿಲ್ಲ. ನಾನೂ ಇದೇ ಕಾಲೇಜಲ್ಲಿ ಓದ್ತೀನಿ, ಆದ್ರೆ ಅದು ಯಾರಿಗೂ ಗೊತ್ತಾಗ್ಲಿಲ್ಲ, ನಾನೂ ಹೇಳ್ಲಿಲ್ಲ. ಇವರು ಬಂದು ನನ್ನ ಅಳತೆ ತಗೊಂಡ್ರು. ತಪ್ಪು ತಪ್ಪಾಗಿ ತಗೊಂಡ್ರು. ಆದ್ರೂ ತಗೊಂಡ್ರು.” “ಅಷ್ಟೇ,” ಎಂದು ಕೂತುಬಿಟ್ಟಳು.

ಡೋರಿಸ್ ಟ್ಯಾಕೆಟ್ ಅರ್ಜಿಯಲ್ಲಿ ಏಳನೆಯ ಸಹಿ ಹುಡುಕಿ ಅದರ ಮೇಲೆ ಬೆರಳಿಟ್ಟಳು. ಪ್ರಾಧ್ಯಾಪಕ, “ನನ್ನ ಕೋಟಿನ ತೋಳು ಉದ್ದ ಆಗಿದೆ, ಯಾವಾಗ ಬರಬಹುದು?” ಎಂದ. ನಗುವಿನ ನಡುವೆಯೇ ಕೈಗಳು ಎದ್ದವು. ಅರ್ಜಿ ಒಪ್ಪಿತವಾಯಿತು.

ಅದರ ಮೂರನೆಯ ದಿನ ನ್ಯಾನ್ ತಾಯ್ನಾಡಿನವರ ಹೊಸ ವರ್ಷ. ಲೂ ಬಾಳೆ ಎಲೆಯಲ್ಲಿ ಸುತ್ತಿದ ಅಂಟಕ್ಕಿಯ ಕಡುಬುಗಳನ್ನು ಬೆಳಿಗ್ಗೆಯಿಂದ ಬೇಯಿಸುತ್ತಿದ್ದಳು. ಅಂಗಡಿಯ ಮುಂದಿನ ಗಾಜೆಲ್ಲ ಹಬೆ. ಮಾರಿವಿಕ್‌ಳ ತಾಯಿ ಹ್ಯೂಸ್ಟನ್ನಿನಿಂದ ಒಂದು ದೊಡ್ಡ ತಟ್ಟೆ ನೂಡಲ್ ಕಟ್ಟಿಸಿಕೊಂಡು ಬಂದಳು, ನಿಮಿಷಾಳ ತಂದೆ ಡೋಕ್ಳಾ ತಂದರು. ಏಳು ಜನ ಜಾಕೆಟ್ ತೊಟ್ಟು ಕತ್ತರಿಸುವ ಮೇಜಿನ ಮುಂದೆ ಸಾಲಾಗಿ ನಿಂತರು. ಲೂ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ಒಬ್ಬೊಬ್ಬರ ಬೆನ್ನಿನ ಹೊಲಿಗೆಯನ್ನೂ ಎಳೆದು ನೋಡಿದಳು. “ಕೂಸು ಹುಟ್ತು. ಈಗ ತಿನ್ನಿ,” ಎಂದಳು.

ಹುಟ್ಟಿದ ಕೂಸು ಬೆಳೆಯುವುದು ಸುಲಭವಿರಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಹೊಸಬರನ್ನು ಸೇರಿಸಲು ಕರೆದ ಮೊದಲ ಸಭೆಗೆ ಇನ್ನೂರು ಎಗ್ ರೋಲ್ ಮಾಡಿಟ್ಟುಕೊಂಡು ಕಾದರೆ ಬಂದದ್ದು ಒಬ್ಬಳೇ ಹುಡುಗಿ, ಅದೂ ದಾರಿ ತಪ್ಪಿ. ಚದುರಂಗದ ಕ್ಲಬ್ಬು ಹುಡುಕುತ್ತಿದ್ದ ಹ್ಯಾನಾ ಸೋ ಎಂಬ ಕೊರಿಯನ್ ಹುಡುಗಿ ವಾಸನೆ ಹಿಡಿದು ಒಳಗೆ ಬಂದವಳು ಹನ್ನೊಂದು ರೋಲ್ ತಿಂದು, “ಇದು ವಾರವಾರ ಇರುತ್ತಾ?” ಎಂದಳು. ಇರುತ್ತದೆ ಎಂದು ನ್ಯಾನ್ ಮಾತು ಕೊಟ್ಟಳು. ಮರುವಾರ ಅವಳು ನಾಲ್ವರನ್ನು ಎಳೆದುಕೊಂಡು ಬಂದಳು, ಮೂರನೆಯ ವರ್ಷ ಸಂಘದ ಅಧ್ಯಕ್ಷೆಯಾದಳು. ಆ ಹೊತ್ತಿಗೆ ಇಪ್ಪತ್ತಮೂರು ಹುಡುಗಿಯರು. ಸಭೆ ನಡೆಯುತ್ತಿದ್ದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ.

ಎರಡು ಬೀದಿಯಾಚೆ ಹಳೆಯ ಮರದ ಮನೆಯೊಂದು ಬಾಡಿಗೆಗೆ ಸಿಕ್ಕಿತು. ನಿಮಿಷಾಳ ತಂದೆ ಮೋಟೆಲಿನ ಹಳೆಯ ಮಂಚ, ದೀಪ, ಒಂದೇ ಥರದ ಹದಿನಾರು ಪರದೆ ಲಾರಿಯಲ್ಲಿ ಕಳಿಸಿದರು. ಆದರೆ ಸಂಘಕ್ಕೊಂದು ಮನೆಯಿದ್ದರೆ ಆ ಮನೆಗೊಬ್ಬ ಹಿರಿಯ ಹೆಂಗಸು ಇರಲೇಬೇಕು, ಮನೆಯಮ್ಮ ಎಂದು. ಅದು ವಿಶ್ವವಿದ್ಯಾಲಯದ ನಿಯಮ. ಹುಡುಗಿಯರೆಲ್ಲ ಒಟ್ಟಾಗಿ ತಿರುಗಿ ಲೂ ಕಡೆ ನೋಡಿದರು.

“ನಂಗೆ ಇಂಗ್ಲಿಷ್ ಬರಲ್ಲ,” ಎಂದಳು ಲೂ.

“ಬೇಕಾಗಿಲ್ಲ ಅಜ್ಜಿ. ಬೇಡ ಅನ್ನೋದು ಬಂದ್ರೆ ಸಾಕು,” ಎಂದಳು ಮಾರಿವಿಕ್.

ಅರವತ್ತಾರರ ಲೂ ಹೀಗೆ ಮನೆಯಮ್ಮನಾದಳು. ವರಾಂಡದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಕೂರುವಳು. ಹುಡುಗಿಯೊಬ್ಬಳನ್ನು ಕರೆದೊಯ್ಯಲು ಯಾವನಾದರೂ ತರುಣ ಬಂದರೆ ಮೊದಲು ಅವನ ಕೈಗೆ ಒಂದು ಹಿಡಿ ಬೀನ್ಸ್ ಕೊಡುವಳು. ನಾರು ತೆಗೆಯಲು ಬಂದರೆ ಒಳಗೆ. ಮುಖ ಸಿಂಡರಿಸಿದರೆ, “ಬೇಡ.” ಆ ಊರಿನ ತರುಣರು ಒಂದೆರಡು ವರ್ಷದಲ್ಲಿ ತರಕಾರಿ ಕೆಲಸದಲ್ಲಿ ಪಳಗಿಬಿಟ್ಟರು ಎಂದು ಹ್ಯಾನಾ ಹೇಳುತ್ತಿದ್ದಳು. ಅದರ ಬದಲಿಗೆ ಹುಡುಗಿಯರು ಮುದುಕಿಗೆ ಪೌರತ್ವದ ಪರೀಕ್ಷೆಯ ನೂರು ಪ್ರಶ್ನೆ ಬಾಯಿಪಾಠ ಮಾಡಿಸಿದರು. ಪಾಸಾದ ದಿನ ಇಪ್ಪತ್ತಮೂರು ಜನ ಅವಳನ್ನು ಕುರ್ಚಿಸಮೇತ ಎತ್ತಿ ಬೀದಿಯಲ್ಲಿ ಮೆರವಣಿಗೆ ಮಾಡಿದರು.

ಅದೇ ಬೀದಿಗೆ ಟಪಾಲು ಹಂಚುತ್ತಿದ್ದವನು ರೊಖೇಲಿಯೋ. ನಲವತ್ತರ ಆಸುಪಾಸಿನ ವಿಧುರ, ಮೆಕ್ಸಿಕೋ ಗಡಿಯ ಕಡೆಯವನು, ಮಿತಭಾಷಿ. ಸಂಘದ ಮನೆಗೆ ಬರುವ ಕಾಗದಗಳನ್ನು ಪೆಟ್ಟಿಗೆಗೆ ಹಾಕದೆ ಒಳಗೇ ತಂದುಕೊಡುವ ಅಭ್ಯಾಸ ಅವನಿಗೆ ಯಾವಾಗ ಬಂತೋ. ನ್ಯಾನ್ ಮನೆಯಲ್ಲಿರುವ ಮಂಗಳವಾರ ಗುರುವಾರಗಳಂದು ಮಾತ್ರ ಹಾಗೆ ಮಾಡುತ್ತಾನೆಂದು ಮೊದಲು ಕಂಡುಹಿಡಿದವಳು ನಿಮಿಷಾ.

“ಅಕ್ಕ, ಈ ತಿಂಗಳು ಅವನ ಯೂನಿಫಾರ್ಮಿನ ಗುಂಡಿ ಆರು ಸಲ ಕಿತ್ತುಹೋಗಿದೆ.”

“ಸರ್ಕಾರಿ ಬಟ್ಟೆ. ದಾರ ಸರಿಯಿಲ್ಲ,” ಎಂದಳು ನ್ಯಾನ್.

“ದಾರ ಸರಿ ಇದೆ. ಅವನೇ ಕಿತ್ಕೊಳ್ಳೋದನ್ನ ನಾನೇ ನೋಡ್ದೆ.”

ನ್ಯಾನ್‌ಳ ಕಿವಿ ಕೆಂಪಾಯಿತು. ಮರುದಿನ ಲೂ ಅವನ ಕೈಗೂ ಬೀನ್ಸ್ ಕೊಟ್ಟಳು. ಅವನು ಟಪಾಲಿನ ಚೀಲ ಕೆಳಗಿಟ್ಟು, ಮೆಟ್ಟಿಲ ಮೇಲೆ ಕೂತು, ಇಡೀ ಮೊರದ ಬೀನ್ಸಿನ ನಾರು ತೆಗೆದ. ತುದಿಗಳನ್ನೂ ಒಂದೇ ಅಳತೆಗೆ ಮುರಿದ. ಮುದುಕಿ ಒಳಗೆ ಹೋಗಿ ಅವನಿಗೆ ಊಟದ ತಟ್ಟೆ ತಂದಿಟ್ಟಳು. ತೊಂಬತ್ತೇಳರ ವಸಂತದಲ್ಲಿ ಮದುವೆಯಾಯಿತು. ತನ್ನ ಕೆಂಪು ನಿಲುವಂಗಿಯನ್ನು ನ್ಯಾನ್ ತಾನೇ ಹೊಲಿದುಕೊಂಡಳು; ಗುಂಡಿಗಳನ್ನು ಮಾತ್ರ ಹಟ ಹಿಡಿದು ಮಾರಿವಿಕ್ ಹೊಲಿದಳು, ಅದರಲ್ಲಿ ಎರಡು ಚರ್ಚಿನ ಬಾಗಿಲಲ್ಲೇ ಉದುರಿದವು.

ಮರುವರ್ಷದ ಡಿಸೆಂಬರಿನಲ್ಲಿ ನ್ಯಾನ್‌ಗೆ ಪದವಿ ಬಂತು. ಮೂವತ್ತಾರು ವಯಸ್ಸು, ಆರು ತಿಂಗಳ ಬಸುರಿ. ಕಪ್ಪು ಗೌನನ್ನು ಹಿಂದಿನ ರಾತ್ರಿ ತಾನೇ ಹೊಟ್ಟೆಯ ಕಡೆ ಸಡಿಲಿಸಿಕೊಂಡಿದ್ದಳು. ಹೆಸರು ಕೂಗುವವನು “ನ್ಯಾನ್” ಎಂಬುದನ್ನು ಏನೇನೋ ಮಾಡಿ ಉಚ್ಚರಿಸಿದಾಗ ಮೇಲಿನ ಸಾಲಿನಿಂದ ನಲವತ್ತು ಹುಡುಗಿಯರು ಒಂದೇ ದನಿಯಲ್ಲಿ ಸರಿಪಡಿಸಿದರು. ಅವನು ಕ್ಷಮೆ ಕೇಳಿ ಎರಡನೆಯ ಸಲ ಸರಿಯಾಗಿ ಕೂಗಿದ. ಹಾಗಾಗಿ ಇಡೀ ಸಭಾಂಗಣದಲ್ಲಿ ಎರಡು ಸಲ ಪದವಿ ಪಡೆದವಳು ಅವಳೊಬ್ಬಳೇ.

ಆ ಮೇಲೆ ಅವಳು ಊರಿಗೆ ಹೊಸದಾಗಿ ಬಂದ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಕೆಲಸ ಹಿಡಿದಳು. ಅರ್ಧ ದಿನ ಪಾಠ, ಅರ್ಧ ದಿನ ಅಂಗಡಿ. ಅಷ್ಟರಲ್ಲಿ ಒಕ್ಲಹೋಮಾದ ಒಂದು ಕಾಲೇಜಿನಿಂದ ಫೋನ್ ಬಂತು: ನಾವು ಎಂಟು ಜನ ಇದ್ದೀವಿ, ನಮಗೂ ನಿಮ್ಮ ಹೆಸರು ಕೊಡ್ತೀರಾ? ನ್ಯಾನ್ ಎಳೆಗೂಸು ಮಗನನ್ನೂ ಹೊಲಿಗೆ ಮೆಷಿನನ್ನೂ ವ್ಯಾನಿಗೆ ಹಾಕಿಕೊಂಡು, ಆ ಹೊತ್ತಿಗೆ ನರ್ಸಾಗಿದ್ದ ಮಾರಿವಿಕ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ನಿಮಿಷಾಳ ಚಿಕ್ಕಪ್ಪನ ಮೋಟೆಲಿನ ಕೋಣೆಯಲ್ಲಿ ಎರಡು ದಿನ ಕೂತು ಎಂಟು ಜಾಕೆಟ್ ಹೊಲಿದಳು. ಅಲ್ಲಿಂದ ಮುಂದೆ ಕಾನ್ಸಾಸ್, ಆರ್ಕನ್ಸಾ, ಲೂಯಿಸಿಯಾನಾ. ನಡುವೆ ಒಂದು ಕಾಲೇಜಿನಲ್ಲಿ ಜನವಿಲ್ಲದೆ ಸಂಘ ಮುಚ್ಚಿತು, ನಾಲ್ಕು ವರ್ಷವಾದ ಮೇಲೆ ಮತ್ತೆ ತೆರೆಯಿತು. ಪೆಟ್ರೋಲ್ ಬಂಕಿನಲ್ಲಿ, ಆಸ್ಪತ್ರೆಯಲ್ಲಿ, ಒಮ್ಮೆ ಕೋರ್ಟಿನ ಮೆಟ್ಟಿಲ ಮೇಲೆ ನ್ಯಾಯಾಧೀಶೆಯ ಕರಿಗೌನಿನಲ್ಲಿ, ಯಾರೋ ಒಬ್ಬಳು ಓಡಿ ಬಂದು “ಅಕ್ಕ!” ಎಂದು ತಬ್ಬಿಕೊಳ್ಳುವುದು ನ್ಯಾನ್‌ಗೆ ರೂಢಿಯಾಯಿತು. ಹೆಸರು ಥಟ್ಟನೆ ನೆನಪಾಗದಿದ್ದರೂ ಭುಜದ ಅಳತೆ ನೆನಪಾಗುತ್ತಿತ್ತು.

ಲೂ ಎಂಬತ್ತೈದು ತುಂಬಿ, ಬೆತ್ತದ ಕುರ್ಚಿಯಲ್ಲೇ ಒಂದು ಮಧ್ಯಾಹ್ನ ನಿದ್ದೆಯಲ್ಲಿ ಹೋದಳು. ಹುಡುಗಿಯರು ಏಳು ರಾಜ್ಯಗಳಿಂದ ಬಂದರು. ಆ ನಾಡಿನ ಪದ್ಧತಿಯಂತೆ ಸೂತಕಕ್ಕೆ ಮೊಮ್ಮಕ್ಕಳು ಕಟ್ಟುವ ಬಿಳಿಪಟ್ಟಿಯನ್ನು ತಾವೂ ಹಣೆಗೆ ಕಟ್ಟಿಕೊಳ್ಳಬಹುದೇ ಎಂದು ಕೇಳಿದರು. ನ್ಯಾನ್ ಥಾನುಗಟ್ಟಲೆ ಬಿಳಿ ಬಟ್ಟೆ ಹರಿದು ಪಟ್ಟಿ ಮಾಡಿಕೊಟ್ಟಳು. ಮುನ್ನೂರು ಮೊಮ್ಮಕ್ಕಳ ಮುದುಕಿ ಯಾರಿರಬಹುದೆಂದು ರಸ್ತೆಯಲ್ಲಿ ಜನ ಕಾರು ನಿಲ್ಲಿಸಿ ನೋಡಿದರು. ಊಟದ ಹೊತ್ತಿಗೆ ಅಳು ಮುಗಿದು, ಯಾರ ಯಾರ ಗಂಡ ಎಷ್ಟೆಷ್ಟು ಬೀನ್ಸ್ ಬಿಡಿಸಿದ್ದ ಎಂಬ ಜಗಳ ಶುರುವಾಗಿತ್ತು.

ಹೋದ ಚಳಿಗಾಲದಲ್ಲಿ ನೆಬ್ರಾಸ್ಕಾದ ಒಂದು ಕಾಲೇಜಿನಲ್ಲಿ ಹೊಸ ಶಾಖೆ ಶುರುವಾಯಿತು, ಹನ್ನೆರಡನೆಯದು. ರೊಖೇಲಿಯೋ ಈಗ ನಿವೃತ್ತ. ಹಿಮದ ದಾರಿಯಲ್ಲಿ ಹತ್ತು ಗಂಟೆ ವ್ಯಾನ್ ಓಡಿಸಿದವನು ಅವನೇ. ಅಲ್ಲಿನ ಹುಡುಗಿಯರಲ್ಲಿ ಬರ್ಮಾ ಗಡಿಯ ಕರೆನ್ ಜನಾಂಗದವರಿದ್ದರು, ಭೂತಾನಿನಿಂದ ಬಂದ ನೇಪಾಳಿಗಳಿದ್ದರು, ಶಿಬಿರಗಳಲ್ಲೇ ಹುಟ್ಟಿದವರಿದ್ದರು. ದಿಲ್‌ಮಾಯಾ ಎಂಬ ಅಧ್ಯಕ್ಷೆ ಸ್ಥಾಪಕಿಯನ್ನು ಸ್ವಾಗತಿಸಿ, ಎರಡು ಮಾತು ಆಡಬೇಕೆಂದು ಕೇಳಿಕೊಂಡಳು. ಹುಡುಗಿಯರೆಲ್ಲ ನೋಟ್‌ಬುಕ್ ತೆರೆದು ಕೂತರು.

ನ್ಯಾನ್ ಎದ್ದು ನಿಂತು ಎಲ್ಲರ ಮುಖ ನೋಡಿದಳು. “ಊಟ ಆಯ್ತಾ ನಿಮ್ದೆಲ್ಲ?”

“ಇಲ್ಲ ಅಕ್ಕ,” ಎಂದಳು ದಿಲ್‌ಮಾಯಾ. “ಟೆನ್ಷನ್ನಲ್ಲಿ ಬೆಳಿಗ್ಗೆಯಿಂದ ಯಾರೂ ಏನೂ ತಿಂದಿಲ್ಲ.”

“ಮತ್ತೆ ಇಲ್ಯಾಕೆ ಕೂತಿದೀರಿ? ಅಡಿಗೆಮನೆ ಎಲ್ಲಿದೆ?”

ನೋಟ್‌ಬುಕ್ಕುಗಳು ಕುರ್ಚಿಯ ಮೇಲೇ ಉಳಿದವು. ಒಬ್ಬಳು ಅಕ್ಕಿ ತೊಳೆಯತೊಡಗಿದಳು, ಇನ್ನೊಬ್ಬಳು ಯಾರದೋ ಅಮ್ಮ ಕಳಿಸಿದ್ದ ಉಪ್ಪಿನಕಾಯಿಯ ಭರಣಿ ತೆರೆದಳು, ರೊಖೇಲಿಯೋ ಈರುಳ್ಳಿ ಹೆಚ್ಚುತ್ತ ಕಣ್ಣೊರೆಸಿಕೊಂಡ. ಕಿಟಕಿಯಾಚೆ ಹಿಮ ಬೀಳುತ್ತಲೇ ಇತ್ತು. ಉಪ್ಪು ಸಾಕೇ ಬೇಕೇ ಎಂದು ನಾಲ್ಕು ಭಾಷೆಯಲ್ಲಿ ವಾದ ನಡೆಯುತ್ತಿದ್ದಾಗ ನ್ಯಾನ್ ಸೌಟನ್ನು ತುಟಿಗೆ ತಾಗಿಸಿ, “ಇನ್ನೊಂದು ಚಿಟಿಕೆ ಹಾಕಿ,” ಎಂದಳು.